ಹನ್ನೆರಡನೇ ಕುರ್ಚಿ

"ಏಳೇ ಮೇಲಕ್ಕೆ! ನಿಮ್ಮಪ್ಪ ಮಾಡಿಸಿಟ್ಟು ಹೋಗಿದ್ನೇನೆ ಆ ಕುರ್ಚೀನ?"

ಪಿನ್ನಕ್ಕ ಎದ್ದಳು. ಅವಳು ಏಳುವುದೆಂದರೆ ಒಂದು ದೊಡ್ಡ ಕಾರ್ಯಕ್ರಮ. ಮೊದಲು ಎಡಗೈ ಗೋಡೆಗೆ, ಆಮೇಲೆ ಬಲಗೈ ಮೊಣಕಾಲಿಗೆ, ಬಾಯಲ್ಲೊಂದು "ಅಯ್ಯಮ್ಮಾ", ಕಟ್ಟಕಡೆಗೆ ಮೈ. ಮೆಟ್ಟಿಲ ಬಳಿಯ ಆ ಕುರ್ಚಿಯಲ್ಲಿ ಕೂತಿದ್ದು ಹೆಚ್ಚೆಂದರೆ ಒಂದೂವರೆ ನಿಮಿಷ. ಅಷ್ಟರಲ್ಲೇ ದಾಖಲೆ ಕಚೇರಿಯ ಸಾಹೇಬ ಮೆಟ್ಟಿಲಿಳಿದು ಬಂದುಬಿಟ್ಟಿದ್ದ. ನೆಲಮಾಳಿಗೆಗೆ ನೀರು ನುಗ್ಗಿದಾಗ ಮೂರು ದಿನ ಕರೆದರೂ ಬಾರದ ಮನುಷ್ಯ ಇವನು. ಯಾರಾದರೂ ಕೂತರೆ ಮಾತ್ರ ಎಲ್ಲಿದ್ದರೂ ಮೂಗಿಗೆ ವಾಸನೆ ಬಡಿಯುತ್ತಿತ್ತು.

"ಮಂಡಿ ನೋವು ಸಾರ್, ಒಂಚೂರು..."

"ಮಂಡಿ ನೋವಾದ್ರೆ ಮನೇಲಿ ಬಿದ್ಕೋ. ಇದು ನಾಲ್ಕು ಜನ ದೊಡ್ಡೋರು ಬಂದ್ರೆ ಕೂರೋಕೆ ಇಟ್ಟಿರೋ ಕುರ್ಚಿ. ಗುತ್ತಿಗೆ ಕೂಲಿಯೋರು ಬಂದು ಕುಂಡಿ ಊರೋಕಲ್ಲ." ಸಾಹೇಬ ಜವಾನನ ಕಡೆ ತಿರುಗಿದ. "ಫಿನಾಯಿಲ್ ತಾರೋ. ಕೂತೋಳೇ ಒರೆಸ್ಲಿ."

ಒರೆಸಿದಳು. ಸೀಟು, ಬೆನ್ನು, ನಾಲ್ಕು ಕಾಲು. ಸಾಹೇಬ ಬೆರಳು ತೋರಿಸಿದ ಕಡೆಯೆಲ್ಲ ಬಟ್ಟೆ ಹೋಯಿತು. ಅವಳ ಮೈ ತಾಗದಿದ್ದ ಕುರ್ಚಿಯ ಅಡಿಭಾಗವನ್ನೂ ಅವನು ಬಿಡಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತ ಇಬ್ಬರು ಗುಮಾಸ್ತರು ಪುಕ್ಕಟೆ ನಾಟಕ ನೋಡಿ ಹಲ್ಲು ಕಿರಿದರು. ಪಿನ್ನಕ್ಕ ಬಾಯಿ ತಡೆಯಲಾರದೆ ಕೇಳಿಯೇಬಿಟ್ಟಳು.

"ಕೆಳಗೆ ನಮಗೂ ಕೂರೋಕೆ ಏನಾದ್ರೂ ಕೊಡಿ ಸಾರ್. ಬೆಳಗಿಂದ ಸಂಜೆವರೆಗೂ ನಿಂತೇ ಇರ್ತೀವಿ."

"ಕಾಗದ ಇದೆಯಾ?"

"ಯಾವ ಕಾಗದ ಸಾರ್?"

"ನಿಮಗೆ ಕುರ್ಚಿ ಕೊಡ್ಬೇಕು ಅಂತ ಬರೆದಿರೋ ಕಾಗದ. ಇದು ದಾಖಲೆ ಕಚೇರಿ ಕಣೇ, ನಿನ್ನ ಮಾವನ ಮನೆ ಅಲ್ಲ. ಇಲ್ಲಿ ಕಾಗದದಲ್ಲಿ ಇದ್ರೆ ಇದೆ, ಕಾಗದದಲ್ಲಿ ಇಲ್ಲ ಅಂದ್ರೆ ಇಲ್ಲ. ಕಾಗದ ತೋರ್ಸು, ಮಹಾರಾಣಿ ಹಾಗೆ ಕೂರಿಸ್ತೀನಿ."

ಗುಮಾಸ್ತರು ಮತ್ತೆ ನಕ್ಕರು. ಪಿನ್ನಕ್ಕ ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದಳು.

ನೆಲಮಾಳಿಗೆಯಲ್ಲಿ ಹನ್ನೊಂದು ಜನ, ಹನ್ನೊಂದು ಲಕ್ಷ ಹಾಳೆ. ಹಾಳೆಗಳಿಗೆ ಕಬ್ಬಿಣದ ರ್‍ಯಾಕು ಇತ್ತು. ಸ್ಕ್ಯಾನರಿಗೆ ಮೇಜಿತ್ತು, ಕಂಪ್ಯೂಟರಿಗೆ ಸ್ಟ್ಯಾಂಡಿತ್ತು, ಕೆಟ್ಟುಹೋದ ಫ್ಯಾನಿಗೂ ಕೂರಲು ಒಂದು ಮರದ ಪೆಟ್ಟಿಗೆ ಇತ್ತು. ಮನುಷ್ಯರಿಗೆ ಮಾತ್ರ ಏನೂ ಇರಲಿಲ್ಲ. ನೆಲಕ್ಕೆ ಕೂತರೆ ಮೇಜು ಎಟಕುವುದಿಲ್ಲ. ಕಾಗದದ ಕಟ್ಟಿನ ಮೇಲೆ ಕೂತರೆ ಸರ್ಕಾರಿ ದಾಖಲೆಗೆ ಅವಮಾನವಂತೆ. ಹಾಗಂತ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿ ಹಾಕಿದ್ದರು.

ಹೆಗಲ ಮೇಲೆ ಕಟ್ಟು ಹೊತ್ತು ತರುವವನಿಗೆ ಮೂಟೆ ಅಂತಲೇ ಹೆಸರು. ಅವನು ತಂದು ಹಾಕಿದ ಕಟ್ಟು ಬಿಚ್ಚಿ, ಹಾಳೆಗಳಿಗೆ ಚುಚ್ಚಿಕೊಂಡ ತುಕ್ಕು ಪಿನ್ನು ಕೀಳುವವಳು ಪಿನ್ನಕ್ಕ. ಮೂರು ವರ್ಷದಲ್ಲಿ ಒಂಬತ್ತು ಡಬ್ಬಿ ಪಿನ್ನು ಕಿತ್ತಿದ್ದಳು. ಬೆರಳ ತುದಿ ಜರಡಿಯಾಗಿತ್ತು. ಅವಳ ಕೈಯಿಂದ ಹಾಳೆ ಸ್ಕ್ಯಾನರಿಗೆ ಹೋಗಿ ಫೋಟೋ ಆಗುತ್ತದೆ. ಆ ಫೋಟೋವನ್ನು ಕಂಪ್ಯೂಟರ್ ಓದಿ, ಒಂದೊಂದೇ ಅಕ್ಷರ ಗುರುತಿಸಿ, ಚಿತ್ರದ ಬೆನ್ನಿಗೆ ಕಣ್ಣಿಗೆ ಕಾಣದ ಹಾಗೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಯಾವ ಪದ ಒತ್ತಿದರೂ ಆ ಪದ ಇರುವ ಹಾಳೆಗಳೆಲ್ಲ ಪರದೆ ಮೇಲೆ ಎದ್ದು ಬರುತ್ತವೆ.

ಓದುತ್ತದೆ ಅಂದೆನೇ ಹೊರತು ಬುದ್ಧಿ ಇದೆ ಅನ್ನಲಿಲ್ಲ. ಸತ್ತ ತಿಗಣೆಯನ್ನು ಪೂರ್ಣವಿರಾಮ ಅಂದುಕೊಳ್ಳುತ್ತಿತ್ತು. ಯಾವನೋ ಸತ್ತ ಸಾಹೇಬ ಟೀ ಲೋಟ ಇಟ್ಟ ಗುರುತನ್ನು ಸೊನ್ನೆ ಅಂದುಕೊಳ್ಳುತ್ತಿತ್ತು. ಪಿನ್ನಕ್ಕನ ಹೆಬ್ಬೆರಳು ಹಾಳೆಯ ಮೂಲೆಯಲ್ಲಿ ಸಿಕ್ಕಿಕೊಂಡರೆ ಅದರ ಗೆರೆಗಳನ್ನೂ ಓದಲು ಹೊರಟು "ಠಠಠಠ" ಅಂತ ಒದರುತ್ತಿತ್ತು. ಅದನ್ನೆಲ್ಲ ತಿದ್ದುವವನು ಕಣ್ಣಿಗೆ ಸೋಡಾ ಬಾಟಲಿ ತಳದಂಥ ಗಾಜು ಏರಿಸಿಕೊಂಡ ಒಬ್ಬ ಪುಣ್ಯಾತ್ಮ. ಅವನನ್ನು ಕನ್ನಡಕ ಅಂತ ಕರೆಯುತ್ತಿದ್ದರು. ಅವನೂ ನಿಂತೇ ತಿದ್ದುತ್ತಿದ್ದ, ಬಾತುಕೋಳಿಯ ಹಾಗೆ ಕತ್ತು ಮುಂದಕ್ಕೆ ಚಾಚಿ.

ಹಿಂದಿನ ವಾರವಷ್ಟೇ ಡಾಕ್ಟರು ಪಿನ್ನಕ್ಕನ ಮಂಡಿ ಒತ್ತಿ ನೋಡಿ, "ಕೂತು ಕೆಲಸ ಮಾಡು, ಇಲ್ಲಾ ಕೆಲಸ ಬಿಡು. ಹೀಗೇ ಇನ್ನಾರು ತಿಂಗಳು ನಿಂತ್ರೆ ಆಮೇಲೆ ನಿನ್ನನ್ನ ಹೊತ್ಕೊಂಡೇ ಹೋಗ್ಬೇಕು" ಅಂದಿದ್ದರು. ಬಿಡುವುದು ಹೇಗೆ? ಮನೆಯಲ್ಲಿ ಹೊಟ್ಟೆ ನಾಲ್ಕು, ದುಡಿಯುವ ಕಾಲು ಎರಡೇ. ಗಂಡನ ರಿಪೇರಿ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಅತ್ತೆಯಂತೂ ಬೀದಿಗೆಲ್ಲ, "ನಮ್ಮ ಸೊಸೇದು ಆಫೀಸ್ ಕೆಲಸ, ಕುರ್ಚಿ ಮೇಲೆ ಕೂತು ಮಾಡೋದು" ಅಂತ ಸಾರಿಕೊಂಡು ಬಂದಿದ್ದಳು. ರಾತ್ರಿ ಸೊಸೆಯ ಮಂಡಿಗೆ ಬಿಸಿ ಎಣ್ಣೆ ಹಚ್ಚುವವಳೂ ಅವಳೇ. "ಅಲ್ವೇ, ಕುರ್ಚಿ ಇಲ್ಲದ ಎಂಥಾ ಆಫೀಸೇ ಅದು? ಕಟ್ಟೋಕೆ ಗೂಟ ಇಲ್ದಿರೋ ಕೊಟ್ಟಿಗೆ ಇದ್ದಂಗೆ. ಈ ವಿಷಯ ಬೀದಿಯೋರಿಗೆ ಮಾತ್ರ ಹೇಳ್ಬೇಡ, ನನ್ನ ಮಾನ ಹೋಗುತ್ತೆ" ಅನ್ನುತ್ತಿದ್ದಳು.

ಕೆಳಗೆ ಬಂದ ಪಿನ್ನಕ್ಕ ಕೈಯಲ್ಲಿನ ಫಿನಾಯಿಲ್ ವಾಸನೆ ಸೀರೆಗೆ ಒರೆಸಿಕೊಳ್ಳುತ್ತ ನಡೆದದ್ದನ್ನೆಲ್ಲ ಹೇಳಿದಳು. ಕನ್ನಡಕ ಕೀಲಿಮಣೆಯಿಂದ ಕೈ ತೆಗೆದ.

"ಏನಂದ? ಕಾಗದ ತೋರ್ಸು ಅಂದ್ನಾ? ನಮಗಾ?"

"ಹೂಂ ಕಣೋ."

"ಅವನಜ್ಜಿ! ಮೀನಿಗೆ ನೀರು ತೋರ್ಸು ಅಂದಂಗಾಯ್ತಲ್ಲ ಅಕ್ಕ. ಮೂರು ವರ್ಷದಿಂದ ಈ ಹಾಳು ಕಾಗದ ಹುಡುಕಿದ್ರೆ ಸಿಗೋ ಹಾಗೆ ಮಾಡ್ತಿರೋರು ಯಾರು? ಅವನಾ?"

ಹೊರಗಿನವರು ನಂಬಲಿಕ್ಕಿಲ್ಲ, ಆದರೆ ಆ ಹನ್ನೊಂದು ಜನ ಅದುವರೆಗೆ ಒಂದೇ ಒಂದು ಪದವನ್ನೂ ತಮಗಾಗಿ ಹುಡುಕಿರಲಿಲ್ಲ. ಬೇರೆಯವರ ಮನೆಗೆ ಅಡುಗೆ ಮಾಡುವವಳು ರುಚಿ ನೋಡುತ್ತಾಳೆಯೇ? ಕನ್ನಡಕ ಎಡಗಡೆ ಬಲಗಡೆ ನೋಡಿದ. ಬೆರಳು ಲಟಲಟ ಮುರಿದ. "ಕುರ್ಚಿ" ಅಂತ ಒತ್ತಿದ.

ನಾಲ್ಕು ಸಾವಿರದ ಇನ್ನೂರ ಹದಿನೇಳು ಹಾಳೆ ಬಂದವು.

ಮೂರು ದಿನ ಊಟದ ಹೊತ್ತಿನಲ್ಲಿ ಬುತ್ತಿ ಕೈಯಲ್ಲಿ ಹಿಡಿದು ಹನ್ನೊಂದು ಜನವೂ ಪರದೆಯ ಮುಂದೆ ನಿಂತು ಓದಿದರು. ಓದಲು ಬಾರದವರಿಗೆ ಕನ್ನಡಕ ಗಟ್ಟಿಯಾಗಿ ಓದಿದ. ಆ ಕಚೇರಿಯ ಚರಿತ್ರೆಯೆಲ್ಲ ಕುರ್ಚಿಯದೇ ಆಗಿತ್ತು. ಅರವತ್ತು ವರ್ಷದ ಹಿಂದೆ ಒಬ್ಬ ಸಾಹೇಬ, ಕುರ್ಚಿಯ ಬೆತ್ತ ತೊಡೆ ಚಿವುಟುತ್ತದೆಂದು ಮೇಲಿನ ಕಚೇರಿಗೆ ಏಳು ಪತ್ರ ಬರೆದಿದ್ದ. ತೊಡೆಯನ್ನು ಪರಿಶೀಲಿಸಲು ಅಲ್ಲಿಂದ ಒಬ್ಬ ಅಧಿಕಾರಿ ಬಂದು, ಚಿವುಟಿರುವುದು ನಿಜವೆಂದು ವರದಿ ಕೊಟ್ಟಿದ್ದ. ಇನ್ನೊಂದು ನಲವತ್ತೊಂದು ಹಾಳೆಯ ಕಡತ ಪೂರ್ತಿ ತಿಗಣೆಯದು. ತಿಗಣೆ ಮೊದಲು ಯಾರ ಕುರ್ಚಿಯಲ್ಲಿ ಹುಟ್ಟಿತು ಅನ್ನುವುದಕ್ಕೆ ಸಮಿತಿ ನೇಮಿಸಿ, ಎಂಟು ಸಭೆ ನಡೆಸಿ, ಅವು ಪಕ್ಕದ ಇಲಾಖೆಯಿಂದ ಬಂದವೆಂದು ತೀರ್ಮಾನಿಸಿದ್ದರು. ಇನ್ನೊಂದರಲ್ಲಿ ಒಬ್ಬ ಜವಾನ ಸಾಹೇಬನಿಲ್ಲದಾಗ ಅವನ ಕುರ್ಚಿಯಲ್ಲಿ ಕೂತು ಸಿಕ್ಕಿಬಿದ್ದಿದ್ದ. ಹದಿನೈದು ದಿನ ಅಮಾನತು. ಅವನ ಉತ್ತರ ಒಂದೇ ಸಾಲು: "ಕುರ್ಚಿ ಅಲ್ಲಾಡುತ್ತಿತ್ತು, ಸಾಹೇಬರು ಬಿದ್ದಾರೆಂದು ಮೊದಲು ನಾನು ಕೂತು ನೋಡಿದೆ."

"ಭಲೇ ಗಂಡು!" ಅಂದ ಮೂಟೆ. ಆ ಹಾಳೆಗೆ ಸೆಲ್ಯೂಟು ಹೊಡೆದ.

ಮೂರನೆಯ ದಿನ ಆ ಹಾಳೆ ಬಂತು. ಕನ್ನಡಕ ಓದುತ್ತ ಓದುತ್ತ ದನಿ ಇಳಿಸಿದ.

"ನೆಲಮಾಳಿಗೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ, ಅವರು ಯಾವ ರೀತಿಯ ನೇಮಕದವರೇ ಆಗಿರಲಿ, ತಲಾ ಒಂದರಂತೆ, ಒಂದೂವರೆ ಅಡಿ ಎತ್ತರದ, ಬೆನ್ನು ಒರಗುವ ಮರದ ಕುರ್ಚಿಯನ್ನು ಒದಗಿಸತಕ್ಕದ್ದು."

ನಲವತ್ತಮೂರು ವರ್ಷದ ಹಿಂದಿನ ಆದೇಶ. ಅದರ ಬೆನ್ನಿಗೇ ಸಾಮಾನು ಪಟ್ಟಿಯ ಹಾಳೆಗಳು, ವರ್ಷಕ್ಕೊಂದು. ಎಲ್ಲದರಲ್ಲೂ ಅದೇ ಮಾತು: ಮರದ ಕುರ್ಚಿ ಹನ್ನೆರಡು. ಇರುವ ಜಾಗ ನೆಲಮಾಳಿಗೆ. ಸ್ಥಿತಿ ಉತ್ತಮ. ಖುದ್ದಾಗಿ ಎಣಿಸಿ ನೋಡಿದ್ದೇನೆ. ಕೆಳಗೆ ಆಯಾ ಕಾಲದ ಸಾಹೇಬನ ಸಹಿ. ಕೊನೆಯ ಆರು ವರ್ಷದ್ದು ಈಗಿನ ಸಾಹೇಬನದೇ. ಬಸವನಹುಳು ಜಾರಿಬಿದ್ದಂಥ ಆ ಸಹಿ ಅವರೆಲ್ಲರಿಗೂ ಗೊತ್ತಿದ್ದದ್ದು.

ಹನ್ನೊಂದು ಜನವೂ ತಿರುಗಿ ಕೋಣೆಯನ್ನೊಮ್ಮೆ ನೋಡಿದರು. ಮೂಟೆ ಬಗ್ಗಿ ರ್‍ಯಾಕಿನ ಅಡಿಯಲ್ಲೂ ನೋಡಿದ.

"ಇಲ್ಲಿಲ್ಲ" ಅಂದ.

"ಸ್ಥಿತಿ ಉತ್ತಮವಾಗಿದೆಯಂತೆ ಕಣೋ" ಅಂದಳು ಪಿನ್ನಕ್ಕ. ನಗು ಬಂತು, ಜೊತೆಗೇ ಅಳುವೂ ಬಂತು. ಮೂರು ವರ್ಷ ತನ್ನ ಕಾಲಡಿಯಲ್ಲಿ ತನ್ನ ಕುರ್ಚಿ ಇತ್ತಂತೆ! ಯಾವ ಕಾಲದ ಯಾವ ಸಾಹೇಬನ ಮನೆಯ ಊಟದ ಮೇಜಿನ ಸುತ್ತ ಆ ಹನ್ನೆರಡೂ ನಿಂತಿವೆಯೋ ಯಾರು ಬಲ್ಲರು.

ಎರಡು ಹಾಳೆ ಪ್ರಿಂಟು ತೆಗೆಸಿ, ಮಡಿಕೆ ಬೀಳದ ಹಾಗೆ ಎದೆಗವಚಿಕೊಂಡು, ಮೆಟ್ಟಿಲಿಗೊಂದು "ಅಯ್ಯಮ್ಮಾ" ಅನ್ನುತ್ತ ಪಿನ್ನಕ್ಕ ಮೇಲೆ ಹೋದಳು. ಸಾಹೇಬ ತಿರುಗುವ ಕುರ್ಚಿಯಲ್ಲಿ ಅರ್ಧ ಮಲಗಿದ್ದ. ಮೊದಲ ಹಾಳೆ ನೋಡಿದ. ಎರಡನೆಯದು ನೋಡಿದ. ಒಂದು ಕ್ಷಣ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ಎಲ್ಲಿಂದಲೋ ನಗು ತಂದುಕೊಂಡ.

"ಸರಿಯಾಗೇ ಇದೆಯಲ್ಲೇ. ಹನ್ನೆರಡು ಕುರ್ಚಿ ಕೊಟ್ಟಾಗಿದೆ ಅಂತ ಬರೆದಿದೆ. ಮತ್ತಿನ್ನೇನು ಕೇಳೋಕೆ ಬಂದೆ?"

"ಅಲ್ಲಿ ಇಲ್ಲ ಸಾರ್."

"ಇದೆ ಅಂತ ಇದೆಯಲ್ಲ!" ಸಾಹೇಬ ಹಾಳೆಯನ್ನು ಬೆರಳಿಂದ ಟಪಟಪ ಬಡಿದ. "ನಿನಗೆ ಹೇಳಿರ್ಲಿಲ್ವಾ, ಕಾಗದದಲ್ಲಿ ಇದ್ರೆ ಇದೆ ಅಂತ? ಇದೆ. ಹೋಗು. ಹೋಗಿ ಕೂತ್ಕೋ. ಬೇಡ ಅಂದೋರ್ಯಾರು?"

ಅಲ್ಲೇ ಇದ್ದ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಂತೂ, "ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತ್ಕೊಳಮ್ಮ" ಅಂದ. ಸಾಹೇಬ ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ್ಸಲ ಇದಕ್ಕೆ ಅಂತ ಮೇಲೆ ಹತ್ತಿ ಬಂದ್ಯೋ, ಹಾಗೇ ಗೇಟಿನಾಚೆ ಇಳಿಸ್ತೀನಿ ಮುಂಡೇದೆ" ಅಂದ.

ಪಿನ್ನಕ್ಕ ಅತ್ತುಕೊಂಡು ಇಳಿಯುತ್ತಾಳೆಂದು ಕೆಳಗಿನವರೆಲ್ಲ ಕಾದಿದ್ದರು. ಅವಳು ಅಳಲಿಲ್ಲ. ನಡು ಮೆಟ್ಟಿಲಲ್ಲಿ ನಿಂತು ಸೆರಗು ಸಿಕ್ಕಿಸಿದಳು.

"ಹೋಗಿ ಕೂತ್ಕೋ ಅಂದ್ರು" ಅಂದಳು. "ಮೇಲಿನೋರ ಮಾತು ಮೀರಬಾರದು. ಕೂತ್ಕೊಳೋಣ."

ಎರಡು ದಿನ ಕಳೆದರೆ ಮೇಲಿನ ಕಚೇರಿಯಿಂದ ದೊಡ್ಡ ಮೇಡಂ ಬರುವವರಿದ್ದರು, ಹುಡುಕುವ ಕಂಪ್ಯೂಟರನ್ನು ಕಣ್ಣಾರೆ ನೋಡಲು. ಸಾಹೇಬ ಮೇಲೆ ಬ್ಯಾನರು ಬರೆಸುವುದರಲ್ಲಿ ಮುಳುಗಿದ್ದ. ಕೆಳಗೆ ಮೂಟೆ ಸ್ಕ್ಯಾನ್ ಮುಗಿದು ಮೂಲೆಗೆ ಬಿದ್ದಿದ್ದ ಕಟ್ಟುಗಳನ್ನು ಎಳೆದು ತಂದ. ಮೂರು ಕಟ್ಟು ಒಂದರ ಮೇಲೊಂದು ಇಟ್ಟು ಹಗ್ಗ ಬಿಗಿದರೆ ಸರಿಯಾಗಿ ಒಂದೂವರೆ ಅಡಿ. ಕನ್ನಡಕ ಅಳತೆಪಟ್ಟಿ ಹಿಡಿದು ಕೂದಲೆಳೆಯಷ್ಟು ಹೆಚ್ಚಿದ್ದದ್ದನ್ನೂ ಬಿಡಲಿಲ್ಲ, ನಾಲ್ಕು ಹಾಳೆ ತೆಗೆಸಿದ. ಒರಗಲು ಹಿಂದೆ ರಟ್ಟಿನ ಪೆಟ್ಟಿಗೆ. ಪ್ರತಿಯೊಂದರ ಬೆನ್ನಿಗೂ ಸಾಮಾನು ಪಟ್ಟಿಯ ಒಂದೊಂದು ಪ್ರಿಂಟು, ಸಾಹೇಬನ ಸಹಿ ಎದ್ದು ಕಾಣುವ ಹಾಗೆ. ಮೇಲೆ ದಪ್ಪಕ್ಕೆ: ಕುರ್ಚಿ ಒಂದು, ಕುರ್ಚಿ ಎರಡು, ಹೀಗೆ ಹನ್ನೊಂದರವರೆಗೆ.

"ಹನ್ನೆರಡನೇದಕ್ಕೆ ಕಟ್ಟು ತರ್ಲಾ?" ಅಂದ ಮೂಟೆ.

ಪಿನ್ನಕ್ಕ ಯೋಚಿಸಿದಳು. "ನಾವಿರೋದು ಹನ್ನೊಂದೇ ಜನ. ಹನ್ನೆರಡನೇದು ಸಾಹೇಬರದ್ದು. ಅವರು ಖುದ್ದಾಗಿ ನೋಡಿರೋ ಕುರ್ಚಿ ಕಣೋ, ನಾವು ಯಾಕೆ ಮುಟ್ಟಬೇಕು? ಅದು ಹೇಗಿದೆಯೋ ಹಾಗೇ ಇರ್ಲಿ."

ಬರಿ ಗೋಡೆಯ ಮೇಲೆ, ನೆಲದಿಂದ ಒಂದೂವರೆ ಅಡಿ ಅಳೆದು, ಅವಳೇ ಕೊನೆಯ ಹಾಳೆ ಅಂಟಿಸಿದಳು. ಕುರ್ಚಿ ಹನ್ನೆರಡು. ಸ್ಥಿತಿ ಉತ್ತಮ.

ಆಮೇಲೆ ಹೋಗಿ ತನ್ನ ಒಂದನೇ ಕುರ್ಚಿಯ ಮೇಲೆ ಕೂತಳು. ಮೂರು ವರ್ಷದಲ್ಲಿ ಮೊದಲ ಸಲ ಮೇಜು ಅವಳ ಎದೆಯ ಮಟ್ಟಕ್ಕೆ ಬಂತು. ಮಂಡಿಯಿಂದ ಏನೋ ಇಳಿದು ಪಾದದ ಮೂಲಕ ಹರಿದು ಹೋದ ಹಾಗಾಯಿತು. ಎಂಥ ಸುಖ ಅದು! "ಅಯ್ಯಮ್ಮಾ" ಅಂದಳು, ಈ ಸಲ ಬೇರೆಯೇ ರಾಗದಲ್ಲಿ. ಅಕ್ಕಪಕ್ಕದಲ್ಲಿ ಉಳಿದ ಹತ್ತು ಜನವೂ ಕೂತರು. ಮೂಟೆ ಮಾತ್ರ ಎದ್ದು, ಕೂತು, ಮತ್ತೆ ಎದ್ದು, ಮತ್ತೆ ಕೂತು ನೋಡಿದ.

ಮೇಡಂ ಬಂದ ದಿನ ಸಾಹೇಬ ಅವರಿಗಿಂತ ಐದು ಮೆಟ್ಟಿಲು ಮುಂದೆ ಓಡುತ್ತ ಇಳಿದ. ಬಾಗಿಲಲ್ಲಿ ಕಾಲಿಟ್ಟವನ ಕಣ್ಣು ಹೊರಗೆ ಬಂದವು.

"ಏಳ್ರೋ!" ಅಂತ ಹಲ್ಲು ಕಚ್ಚಿದ. "ಏಳ್ರೋ ಬೋಳಿಮಕ್ಳಾ! ಸರ್ಕಾರದ ದಾಖಲೆ ಮೇಲೆ ಕುಂಡಿ ಇಟ್ಟಿದೀರಾ?"

"ದಾಖಲೆ ಅಲ್ಲ ಸಾರ್, ಕುರ್ಚಿ" ಅಂದಳು ಪಿನ್ನಕ್ಕ, ಪಿನ್ನಿನಿಂದ ಕಣ್ಣೆತ್ತದೆ. ಪಿನ್ನು ಬೆರಳಿಗೆ ಚುಚ್ಚಿಕೊಂಡಿತ್ತು. ಆದರೂ ಏಳಲಿಲ್ಲ. "ಹಿಂದುಗಡೆ ನಿಮ್ಮ ಸಹಿ ಇದೆ ನೋಡಿ. ಕೂತ್ಕೋ ಅಂದೋರೂ ನೀವೇ."

"ನಿನ್ನ ಚರ್ಮ ಸುಲೀತೀನಿ..." ಅನ್ನುವಷ್ಟರಲ್ಲಿ ಮೇಡಂ ಒಳಗೆ ಬಂದರು. ಭಾರದ ಹೆಂಗಸು, ಮೂಗಿಗೆ ಕರವಸ್ತ್ರ. ನೆಲಮಾಳಿಗೆಯ ಜನರನ್ನು ರ್‍ಯಾಕು ನೋಡುವ ಹಾಗೆ ನೋಡಿದರು.

"ಮೇಡಂ, ನಮ್ಮ ಕಂಪ್ಯೂಟರು ಹೇಗೆ ಹುಡುಕುತ್ತೆ ಅಂದ್ರೆ, ತಾವು ಯಾವುದೇ ಪದ ಹೇಳಿದ ತಕ್ಷಣ..." ಸಾಹೇಬ ಶುರು ಮಾಡಿದ. ಮೇಡಂ ಹೇಳಬೇಕಾದ ಪದವನ್ನೂ ಅವನೇ ಚೀಟಿಯಲ್ಲಿ ಬರೆದು ತಂದಿದ್ದ. "ಸೇವೆ" ಅಂತಿತ್ತು.

"ಅಯ್ಯೋ, ಎಷ್ಟೊಂದು ಮೆಟ್ಟಿಲ್ರೀ" ಅಂದರು ಮೇಡಂ ಏದುಸಿರು ಬಿಡುತ್ತ. "ಕುರ್ಚಿ ಎಲ್ಲಿ?"

ಕನ್ನಡಕ ಬಲು ವಿನಯದಿಂದ ತಲೆಯಾಡಿಸಿದ. "ಕುರ್ಚಿ. ಆಗ್ಲಿ ಮೇಡಂ" ಅಂದ. ಒತ್ತಿದ.

ಸಾಹೇಬ ಬಾಯಿ ತೆರೆಯುವ ಮೊದಲೇ, ಮೇಡಂ ನೋಡಲೆಂದು ಕಟ್ಟಿದ್ದ ಗೋಡೆಯಷ್ಟು ದೊಡ್ಡ ಪರದೆ ತುಂಬಿತು. ಈ ಸಲ ಹೊಸದು ಮೊದಲು, ಹಳೆಯದು ಆಮೇಲೆ ಬರುವ ಹಾಗೆ ಕನ್ನಡಕ ಜೋಡಿಸಿಟ್ಟಿದ್ದ. ಮರದ ಕುರ್ಚಿ ಹನ್ನೆರಡು. ನೆಲಮಾಳಿಗೆ. ಉತ್ತಮ. ಖುದ್ದಾಗಿ ಎಣಿಸಿ ನೋಡಿದ್ದೇನೆ. ಬಸವನಹುಳು ಒಂದಾಳುದ್ದ ಬೆಳೆದು ಗೋಡೆಯ ಮೇಲೆ ಜಾರುತ್ತಿತ್ತು.

ಅಷ್ಟರಲ್ಲಿ ಮೂಟೆ ಹೋಗಿ ಮೆಟ್ಟಿಲ ಬಳಿಯ ಆ ಕುರ್ಚಿಯನ್ನು ಹೊತ್ತು ತಂದ. ಮೇಡಂ ಕೂತರು. ಇನ್ನೂ ಬಿಡದ ಫಿನಾಯಿಲ್ ವಾಸನೆಗೆ ಕರವಸ್ತ್ರ ಇನ್ನಷ್ಟು ಒತ್ತಿಕೊಂಡರು. ಆ ಕುರ್ಚಿಯಲ್ಲಿ ತಮಗಿಂತ ಮೊದಲು ಕೂತವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಪಿನ್ನಕ್ಕನಿಗೆ ಗೊತ್ತಿತ್ತು, ಒಳಗೊಳಗೇ ನಕ್ಕಳು.

ಮೇಡಂ ಮೂವತ್ತು ವರ್ಷ ಕಡತ ತಿಂದು ಜೀರ್ಣಿಸಿಕೊಂಡ ಹೆಂಗಸು. ಪರದೆ ನೋಡಿದರು, ಹಗ್ಗ ಬಿಗಿದ ಕಟ್ಟುಗಳನ್ನು ನೋಡಿದರು, ಗೋಡೆಯ ಮೇಲಿನ ಹಾಳೆ ನೋಡಿದರು, ಕೊನೆಗೆ ಸಾಹೇಬನನ್ನು ನೋಡಿದರು. ಕೂಲಿಯವರ ಮೇಲೆ ಅವರಿಗೆ ಕರುಣೆ ಉಕ್ಕಿತೆಂದು ಯಾರೂ ತಿಳಿಯಬೇಡಿ. ಹೋದ ವರ್ಷ ಒಂದು ಮೀಟಿಂಗಿನಲ್ಲಿ ಈ ಸಾಹೇಬ ತಮ್ಮ ಮಾತಿಗೆ ಅಡ್ಡ ಬಾಯಿ ಹಾಕಿದ್ದು ಅವರಿಗೆ ನೆನಪಿತ್ತು, ಅಷ್ಟೇ.

"ಇದು ನಿಮ್ಮ ಸಹಿನೇನಾ?"

"ಹೌದು... ಮೇಡಂ."

"ಖುದ್ದಾಗಿ ಎಣಿಸಿದ್ದೀರಾ? ಇಲ್ಲಾ ಸುಮ್ಮನೆ ಸುಳ್ಳು ಬರೆದಿದ್ದೀರಾ? ಸುಳ್ಳಾದ್ರೆ ಹೇಳ್ಬಿಡಿ, ಅದಕ್ಕೆ ಬೇರೆ ಕಾಗದ ಇದೆ."

"ಎಣಿಸಿದ್ದೀನಿ ಮೇಡಂ. ಹನ್ನೆರಡೂ ಇವೆ."

"ಹಾಗಾದ್ರೆ ನೀವ್ಯಾಕ್ರೀ ನಿಂತಿದ್ದೀರಿ? ಹನ್ನೆರಡನೇದು ಖಾಲಿ ಇದೆಯಲ್ಲ. ಕೂತ್ಕೊಳ್ಳಿ."

ಸಾಹೇಬ ಗೋಡೆಯ ಕಡೆ ನೋಡಿದ. ಅಲ್ಲಿ ಗೋಡೆ ಇತ್ತು, ಹಾಳೆ ಇತ್ತು. ಹಿಂದೆ ಹಿಂದೆ ಹೆಜ್ಜೆ ಇಟ್ಟು ಬೆನ್ನು ತಾಗಿಸಿದ. ಮೆಲ್ಲಗೆ ಜಾರಿ ನೆಲಕ್ಕೆ ಕೂರಲು ಹೋದ.

"ಒಂದೂವರೆ ಅಡಿ ಅಂತಿದೆ ಸಾರ್" ಅಂದ ಕನ್ನಡಕ, ಆದೇಶದ ಹಾಳೆಯನ್ನು ಪರದೆಗೆ ತಂದು.

"ಹೌದಲ್ರೀ" ಅಂದರು ಮೇಡಂ. "ಒಂದೂವರೆ ಅಡಿ."

ಸಾಹೇಬ ಅಲ್ಲೇ ನಿಂತುಬಿಟ್ಟ. ನಿಂತ ಅನ್ನಬೇಕೋ ಕೂತ ಅನ್ನಬೇಕೋ. ಬೆನ್ನು ಗೋಡೆಗೆ, ತೊಡೆ ಗಾಳಿಗೆ, ಎರಡೂ ಕೈ ಇಲ್ಲದ ಕುರ್ಚಿಯ ಇಲ್ಲದ ಹಿಡಿಯ ಮೇಲೆ. ಮುಖದಲ್ಲಿ ಒಂದು ನಗೆ. ಬಾಗಿಲಲ್ಲಿ ನಿಂತ ಗುಮಾಸ್ತರು ಈ ಸಲವೂ ನಕ್ಕರು. ಯಾರನ್ನು ನೋಡಿ ನಗುತ್ತಿದ್ದೇವೆಂದು ತಿಳಿದ ಕೂಡಲೇ ಬಾಯಿ ಮುಚ್ಚಿಕೊಂಡರು.

"ಆರಾಮಾಗಿದೆಯಾ?"

"ಆರಾಮಾಗಿದೆ ಮೇಡಂ."

ಮೇಡಂ ಪರದೆಯ ಕಡೆ ತಿರುಗಿದರು. "ಇನ್ನೂ ಎಷ್ಟು ಹಾಳೆ ಇದೆಯೋ?"

"ಒಟ್ಟು ನಾಲ್ಕು ಸಾವಿರದ ಇನ್ನೂರ ಹದಿನೇಳು ಮೇಡಂ."

"ಒಂದೊಂದೇ ತೋರ್ಸು. ನಿಧಾನಕ್ಕೆ."

ನಾಳೆ ತಮ್ಮನ್ನು ಗೇಟಿನಾಚೆ ಇಳಿಸುತ್ತಾರೆಂದು ಪಿನ್ನಕ್ಕನಿಗೆ ಗೊತ್ತಿಲ್ಲದೆ ಇರಲಿಲ್ಲ. ಮೇಡಂ ಮೆಟ್ಟಿಲು ಹತ್ತಿ ಹೋದ ಮೇಲೆ ಇವನು ಇವನೇ, ತಾವು ತಾವೇ. ಇಳಿಸಲಿ. ಅತ್ತೆ ಬೀದಿಯಲ್ಲಿ ಹೇಳುತ್ತ ಬಂದ ಮಾತು ಕೊನೆಗೂ ಒಂದು ದಿನದ ಮಟ್ಟಿಗೆ ನಿಜವಾಯಿತು.

ಅವಳು ಸಾಹೇಬನ ಕಾಲುಗಳನ್ನೇ ನೋಡಿದಳು. ಆ ದಾರಿ ಅವಳಿಗೆ ಅಂಗುಲ ಅಂಗುಲವೂ ಗೊತ್ತಿತ್ತು. ಮೊದಲು ಮೀನಖಂಡ ಸೆಳೆಯುತ್ತದೆ. ಆಮೇಲೆ ತೊಡೆ ಅದುರುತ್ತದೆ. ಆಮೇಲೆ ಮಂಡಿಯೊಳಗೆ ಯಾರೋ ತುಕ್ಕು ಪಿನ್ನು ಇಟ್ಟು ತಿರುಗಿಸಿದ ಹಾಗಾಗಿ, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತದೆ. ಬೆವರು ಇಳಿಯಿತು. ಸಾಹೇಬನ ಕಣ್ಣು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಹುಡುಕಿ, ಕೊನೆಗೆ ಪಿನ್ನಕ್ಕನ ಮೇಲೆ ಬಂದು ನಿಂತಿತು. ಏಳಿ ಅಂತ ಒಬ್ಬರಾದರೂ ಒಂದು ಮಾತು ಅನ್ನಲಿ ಅಂತ ಆ ಕಣ್ಣು ಬೇಡುತ್ತಿತ್ತು.

ಪಿನ್ನಕ್ಕ ಕಾಲು ಎರಡನ್ನೂ ಉದ್ದಕ್ಕೆ ಚಾಚಿಕೊಂಡಳು. ಮುಂದಿನ ಕಟ್ಟು ಬಿಚ್ಚಿ ಪಿನ್ನು ಕೀಳತೊಡಗಿದಳು.